ಬಿಗಿದ ಮೈಗೆ ನಿಧಾನದ ಕೈ

ಸಾಮಾನ್ಯ ಮಾಲೀಶಿನಲ್ಲಿ ಎಣ್ಣೆಯ ಮೇಲೆ ಕೈ ಜಾರಬೇಕು. ಈ ಚಿಕಿತ್ಸೆಯಲ್ಲಿ ಜಾರಬಾರದು. ಅದಕ್ಕೇ ಎಣ್ಣೆ ಹಚ್ಚುವುದಿಲ್ಲ, ಹಚ್ಚಿದರೂ ತೀರಾ ಕಡಿಮೆ. ಫಿಸಿಯೋಥೆರಪಿಸ್ಟ್ ನೋಯುವ ಸೊಂಟದ ಮೇಲೆ ಅಂಗೈ ಊರಿ, ಚರ್ಮವನ್ನೂ ಅದರಡಿಯ ಪದರವನ್ನೂ ಒಟ್ಟಿಗೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಬಿಗಿ ಎದುರಾದ ಕಡೆ ನಿಲ್ಲುತ್ತಾರೆ. ಒಂದೂವರೆ, ಎರಡು, ಕೆಲವೊಮ್ಮೆ ಐದು ನಿಮಿಷ ಅದೇ ಒತ್ತಡದಲ್ಲಿ ಕಾದು, ಬಿಗಿ ಬಿಟ್ಟುಕೊಟ್ಟಷ್ಟು ಮಾತ್ರ ಮುಂದೆ ಸರಿಯುತ್ತಾರೆ. ಸೊಂಟ, ಕುತ್ತಿಗೆ, ಭುಜ, ಹಿಮ್ಮಡಿಯ ಹಳೆಯ ನೋವುಗಳಿಗೆ ನಮ್ಮ ಊರುಗಳ ಫಿಸಿಯೋಥೆರಪಿ ಕೇಂದ್ರಗಳಲ್ಲೂ ಸಿಗುವ ಈ ಚಿಕಿತ್ಸೆಯ ಹೆಸರು ಮಯೋಫ್ಯಾಷಿಯಲ್ ರಿಲೀಸ್.

ಪೊರೆಯೊಳಗೆ ಪೊರೆ

ಚಕ್ಕೋತದ ಹಣ್ಣು ಬಿಡಿಸಿದವರಿಗೆ ಈ ಹೆಸರಿನಲ್ಲಿರುವ ಫ್ಯಾಷಿಯಾ, ಅಂದರೆ ಮೈಯೊಳಗಿನ ಪೊರೆ, ಅರ್ಥವಾಗುವುದು ಸುಲಭ. ಸಿಪ್ಪೆಯ ಕೆಳಗೆ ಬಿಳಿ ಪದರ, ತೊಳೆಗೊಂದು ಪೊರೆ, ತೊಳೆಯೊಳಗಿನ ಒಂದೊಂದು ಎಸಳಿಗೂ ತೆಳುವಾದ ಹೊದಿಕೆ. ನಮ್ಮ ಮೈಯಲ್ಲೂ ಚರ್ಮದಡಿ ಒಂದು ಪದರ, ಪ್ರತಿ ಸ್ನಾಯುವಿಗೆ ಒಂದು ಕವಚ, ಸ್ನಾಯುವಿನೊಳಗಿನ ಎಳೆಗಳ ಕಟ್ಟಿಗೂ ಎಳೆಗೂ ಮತ್ತೆ ಪೊರೆ. ಮುಖ್ಯವಾಗಿ ಕೊಲಾಜೆನ್ ನಾರುಗಳಿಂದಾದ ಈ ಪದರಗಳು ಒಂದರ ಮೇಲೊಂದು ಜಾರುವಂತೆ ನಡುವೆ ಹಯಾಲುರೊನಿಕ್ ಆಮ್ಲದ ಲೋಳೆ ಇರುತ್ತದೆ. ಬಗ್ಗುವಾಗ, ಕೈ ಎತ್ತುವಾಗ ನಮಗೆ ಗೊತ್ತೇ ಆಗದಂತೆ ನಡೆಯುವ ಜಾರುವಿಕೆ ಇದು.

ಪೆಟ್ಟು, ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಹಾಕಿದ ಪ್ಲಾಸ್ಟರ್, ಅಲುಗಾಡದೆ ಕಳೆದ ದಿನಗಳು ಈ ಜಾರುವಿಕೆಯನ್ನು ಕುಗ್ಗಿಸಬಲ್ಲವು. ಅಮೆರಿಕದ ವೈದ್ಯವಿಜ್ಞಾನಿ ಹೆಲೆನ್ ಲಾಂಜೆವಿನ್ ಮತ್ತು ಸಂಗಡಿಗರು ಸೊಂಟದ ಪೊರೆಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ 2011ರಲ್ಲಿ ಒಂದು ವರದಿ ಪ್ರಕಟಿಸಿದರು. ದೀರ್ಘಕಾಲದ ಸೊಂಟನೋವಿನವರಲ್ಲಿ ಪದರಗಳು ಒಂದರ ಮೇಲೊಂದು ಸರಿಯುವ ಪ್ರಮಾಣ ನೋವಿಲ್ಲದವರಿಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆಯಿತ್ತು. ನೋವಿನಿಂದ ಜಾರುವಿಕೆ ಕುಗ್ಗಿತೋ, ಜಾರುವಿಕೆ ಕುಗ್ಗಿ ನೋವು ಬಂತೋ ಎಂಬುದನ್ನು ಆ ಅಧ್ಯಯನವೊಂದೇ ಹೇಳಲಾರದು. ಆದರೆ ಶವಚ್ಛೇದನದ ಮೇಜಿನ ಮೇಲೆ ಸ್ನಾಯು ಕಾಣಲೆಂದು ಕೆರೆದು ಬಿಸಾಡುತ್ತಿದ್ದ ಪೊರೆ ಈಗ ಅಧ್ಯಯನದ ವಸ್ತುವಾಯಿತು.

ಅಮೆರಿಕದಲ್ಲಿ ಬೆಳೆದ ವಿದ್ಯೆ

ಈ ಪೊರೆಗೆ ಮೊದಲು ಮಹತ್ವ ಕೊಟ್ಟವರಲ್ಲಿ ಒಬ್ಬರು ಆಂಡ್ರ್ಯೂ ಟೇಲರ್ ಸ್ಟಿಲ್. ಕೈಯಿಂದ ಮಾಡುವ ಚಿಕಿತ್ಸೆಗೆ ಒತ್ತು ಕೊಡುವ ಆಸ್ಟಿಯೋಪತಿ ಪದ್ಧತಿಯನ್ನು 1874ರಲ್ಲಿ ಸಾರಿದ ಅವರು 1892ರಲ್ಲಿ ಮಿಸೌರಿಯ ಕಿರ್ಕ್ಸ್‌ವಿಲ್‌ನಲ್ಲಿ ಅದಕ್ಕೊಂದು ಶಾಲೆ ತೆರೆದರು. ಮುಂದೆ ಐಡಾ ರಾಲ್ಫ್ ಬಂದರು. 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನದಲ್ಲಿ ಡಾಕ್ಟರೇಟ್ ಪಡೆದ ಈ ಮಹಿಳೆ, ಪೊರೆಗಳನ್ನು ಒತ್ತಿ ಹಿಗ್ಗಿಸಿ ಮೈಯ ನಿಲುವನ್ನೇ ತಿದ್ದುವ ಹತ್ತು ಸರದಿಗಳ ಕ್ರಮವೊಂದನ್ನು ಕಟ್ಟಿದರು. ಜನ ಅದನ್ನು ರಾಲ್ಫಿಂಗ್ ಎಂದರು.

ವೈದ್ಯೆ ಜಾನೆಟ್ ಟ್ರಾವೆಲ್ ಹಿಡಿದದ್ದು ಸ್ನಾಯುವಿನ ಗಂಟುಗಳ ಜಾಡು. ಬೆನ್ನುನೋವಿನಿಂದ ನರಳುತ್ತಿದ್ದ ಜಾನ್ ಕೆನಡಿಗೆ ಚಿಕಿತ್ಸೆ ನೀಡಿದ ಅವರು, 1961ರಲ್ಲಿ ಅಮೆರಿಕದ ಅಧ್ಯಕ್ಷರಿಗೆ ಖಾಸಗಿ ವೈದ್ಯರಾದ ಮೊದಲ ಮಹಿಳೆ. ಕುತ್ತಿಗೆ-ಭುಜದ ಸ್ನಾಯುವಿನ ಗಂಟು ಒತ್ತಿದರೆ ಕಣತಲೆಯಲ್ಲಿ ನೋವೇಳಬಹುದು, ಪೃಷ್ಠದ ಗಂಟು ಕಾಲುದ್ದಕ್ಕೂ ನೋವು ಹರಿಸಬಹುದು. ಇಂಥ ನೋವಿನ ನಕಾಶೆಗಳನ್ನು ಅವರು ಡೇವಿಡ್ ಸೈಮನ್ಸ್ ಜೊತೆ 1983ರಲ್ಲಿ ಗ್ರಂಥವಾಗಿ ತಂದರು. ಆಸ್ಟಿಯೋಪತಿ ವೈದ್ಯ ರಾಬರ್ಟ್ ವಾರ್ಡ್, ಫಿಸಿಯೋಥೆರಪಿಸ್ಟ್ ಜಾನ್ ಬಾರ್ನ್ಸ್ ಮುಂತಾದವರ ಮೂಲಕ ಮಯೋಫ್ಯಾಷಿಯಲ್ ರಿಲೀಸ್ ಎಂಬ ಹೆಸರು ನೆಲೆಗೊಂಡಿತು.

ಕೈ ಮಾಡುವುದೇನು?

‘ಅಂಟಿಕೊಂಡ ಪೊರೆಯನ್ನು ಕೈಯಿಂದ ಬಿಡಿಸುತ್ತೇವೆ’ ಎಂದು ಹಲವು ಚಿಕಿತ್ಸಕರು ಈಗಲೂ ಹೇಳುತ್ತಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಹಾನ್ಸ್ ಚೌಧರಿ, ರಾಬರ್ಟ್ ಶ್ಲೈಪ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಗಣಿತ ಮಾದರಿಯ ಪ್ರಕಾರ, ತೊಡೆಯ ಹೊರಬದಿಯ ಅಥವಾ ಅಂಗಾಲಿನ ಗಟ್ಟಿ ಪೊರೆಯನ್ನು ಶೇಕಡಾ 1ರಷ್ಟು ಅಮುಕಲೂ ಪಕ್ಕಕ್ಕೆ ಸರಿಸಲೂ ಮನುಷ್ಯನ ಕೈಗೆ ಮೀರಿದ ಬಲ ಬೇಕು. ಹಾಗಾದರೆ ಮೈ ಹಗುರಾಗುವುದು ಹೇಗೆ? ಪೊರೆಯ ತುಂಬ ನರಗಳ ತುದಿಗಳಿವೆ. ನಿಧಾನವಾದ, ಬಿಡದ ಒತ್ತಡ ಅವುಗಳ ಮೂಲಕ ನರಮಂಡಲಕ್ಕೆ ತಲುಪಿ ಸ್ನಾಯುವಿನ ಬಿಗಿಯನ್ನೂ ನೋವಿನ ಅರಿವನ್ನೂ ತಗ್ಗಿಸುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. ಈ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ದೊಡ್ಡದು ಎನ್ನಲು ಕಾರಣ ಇದೇ. ಮೈ ನೀಲಿಗಟ್ಟುವಂತೆ ಅಮುಕುವುದು ಜಾಣತನವಲ್ಲ.

ಫಲದ ಬಗ್ಗೆಯೂ ನೇರವಾಗಿ ಹೇಳಬೇಕು. ಸೊಂಟನೋವು, ಹಿಮ್ಮಡಿ ನೋವುಗಳಲ್ಲಿ ಸಾಧಾರಣ ಮಟ್ಟದ ಪ್ರಯೋಜನ ತೋರಿಸಿದ ಪ್ರಯೋಗಗಳಿವೆ. ಮೊಣಕೈ ನೋವಿನ ಕಂಪ್ಯೂಟರ್ ಉದ್ಯೋಗಿಗಳ ಮೇಲೆ ಪಕ್ಕದ ಕೇರಳದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೂ ಅವುಗಳಲ್ಲೊಂದು. ಆದರೆ ಬಹಳಷ್ಟು ಪ್ರಯೋಗಗಳು ಚಿಕ್ಕವು, ಫಲಿತಾಂಶಗಳು ಒಂದೇ ತೆರನಲ್ಲ. ಇದನ್ನು ಪವಾಡವೆಂದು ಮಾರುವವರು ನೊಂದವರಿಗೂ ಈ ವಿದ್ಯೆಗೂ ಅನ್ಯಾಯ ಮಾಡುತ್ತಾರೆ. ಸಿಕ್ಕ ಸಡಿಲ ಸಾಮಾನ್ಯವಾಗಿ ಅಲ್ಪಕಾಲದ್ದು. ಆ ಹೊತ್ತಿನಲ್ಲೇ ಕೀಲನ್ನು ಆಡಿಸಿ, ಸ್ನಾಯುವಿಗೆ ಬಲ ತುಂಬುವ ವ್ಯಾಯಾಮ ಮಾಡಿದರೆ ಅದು ಉಳಿದೀತು. ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುವವರು ಅಂಗಾಲಿನಡಿ ಟೆನ್ನಿಸ್ ಚೆಂಡು ಹೊರಳಿಸಿ, ಮೀನಖಂಡ ಹಿಗ್ಗಿಸುವ ವ್ಯಾಯಾಮವನ್ನು ಮನೆಯಲ್ಲೇ ಮಾಡಬಹುದು.

ಯಾರಿಗೆ ಬೇಡ?

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಜ್ವರ ಅಥವಾ ಸೋಂಕು ಇರುವವರಿಗೆ, ಕೂಡದ ಮೂಳೆಮುರಿತ, ಹಸಿ ಗಾಯದ ಮೇಲೆ ಇದು ಸಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ಮೊದಲು ವೈದ್ಯರ ತಪಾಸಣೆ ಆಗಬೇಕು.

ಆರಿಸಿಕೊಳ್ಳುವಾಗ ಫಿಸಿಯೋಥೆರಪಿ ಓದಿದವರನ್ನೇ ಆರಿಸಿಕೊಳ್ಳಿ. ಒಳ್ಳೆಯವರು ಮೈ ಮುಟ್ಟುವ ಮೊದಲು ನಿಮ್ಮ ಮಾತು ಕೇಳುತ್ತಾರೆ, ಎಷ್ಟು ಬಗ್ಗುತ್ತೀರಿ, ಕೈ ಎಲ್ಲಿಯವರೆಗೆ ಏರುತ್ತದೆ ಎಂದು ಅಳೆಯುತ್ತಾರೆ. ಮುಗಿದ ಮೇಲೆ ಮತ್ತೆ ಅಳೆದು, ಮನೆಗೆ ವ್ಯಾಯಾಮ ಹೇಳಿಕೊಡುತ್ತಾರೆ. ನಾಲ್ಕಾರು ಸಲ ಹೋದರೂ ಅಳತೆ ಕದಲದಿದ್ದರೆ ದಾರಿ ಬದಲಿಸೋಣ ಎಂದು ತಾವಾಗಿಯೇ ಹೇಳುತ್ತಾರೆ. ಇಷ್ಟು ಪಾಲಿಸುವವರ ಕೈಗೆ ನೋಯುವ ಮೈಯನ್ನು ಧೈರ್ಯವಾಗಿ ಒಪ್ಪಿಸಬಹುದು.