ಏಳುಕೋಟಿಯ ನಕಲು

ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಜೇಜುರಿಯ ಬೆಟ್ಟವನ್ನು ಏರುವ ಯಾತ್ರಿಕನಿಗೆ, ಮೆಟ್ಟಿಲುಗಳ ಮೇಲೂ ದೀಪಮಾಲೆಗಳ ಮೇಲೂ ಜನರ ಹಣೆ ತೋಳುಗಳ ಮೇಲೂ ಅರಿಸಿನದ ಭಂಡಾರವು ಒಂದೇ ಸಮನೆ ಹಾರಿ ಬೀಳುತ್ತಿರುವ ನಡುವೆ, ಮತ್ತೆ ಮತ್ತೆ ಕೇಳಿಬರುವ ಘೋಷ ಒಂದೇ: ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’. ಕೂಗುವವರು ಮರಾಠಿಗರು, ಏಳೆಂಬ ಸಂಖ್ಯೆಗೆ ಅವರಲ್ಲಿ ‘ಸಾತ್’ ಎಂಬ ಸ್ವಂತ ಪದವೇ ಉಂಟು. ಹಾಗಿದ್ದೂ ತಮ್ಮ ಕುಲದೈವವಾದ ಖಂಡೋಬಾನ ಸನ್ನಿಧಿಯಲ್ಲಿ ಅವರು ಎತ್ತಿಕೊಳ್ಳುವುದು, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿಯೂ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿಯೂ ಮೈಲಾರದೇವನ ಭಕ್ತರಾದ ಕಂಬಳಿಯುಟ್ಟ ಗೊರವರು ಡಮರು ನುಡಿಸುತ್ತ ಕೂಗುವ ನಮ್ಮ ‘ಏಳುಕೋಟಿ’ಯನ್ನೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಹೆಜ್ಜೆಗಳನ್ನು ಆಜೀವವೂ ಅರಸಿದ ಶಂ. ಬಾ. ಜೋಶಿಯವರಂಥವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ನನಗೆ ಸೋಜಿಗವೆನಿಸಿದುದು ಮೊದಲ ಅಕ್ಷರ: ಬರಹದಲ್ಲಿ ‘ಏ’ ಎಂದಿದ್ದರೂ ಕನ್ನಡದ ಬಾಯಿ ‘ಯೇಳು’ ಎಂದೇ ಉಚ್ಚರಿಸುವುದಷ್ಟೆ, ಮರಾಠಿಯ ಕಿವಿ ಅದನ್ನು ಇದ್ದಂತೆಯೇ ಹಿಡಿದು ‘ಯೇ’ ಎಂದು ಬರೆದುಕೊಂಡಿದೆ.

ಒಂದು ನುಡಿಯ ಪದವು ಮತ್ತೊಂದು ನುಡಿಯೊಳಗೆ ಇಷ್ಟು ಸುಸೂತ್ರವಾಗಿ ಅಂಟಿಕೊಂಡಿರುವ ಆ ಬೆಟ್ಟದ ಬುಡದಲ್ಲಿಯೇ, ವಸತಿಗೃಹದ ಕಿರಿದಾದ ಮೇಜಿನ ಮುಂದೆ ಕುಳಿತು, ಮೈಲಾರ ಮತ್ತು ಜೇಜುರಿಗಳ ಸಂಬಂಧವನ್ನು ಕುರಿತು ನಾನು ಬಹುಕಾಲದ ಹಿಂದೆ ಬರೆದಿಟ್ಟಿದ್ದ ಲೇಖನವೊಂದನ್ನು ಕಂಪ್ಯೂಟರಿನಿಂದ ಎತ್ತಿ ಮಿಂಚಂಚೆಗೆ ಅಂಟಿಸಿ ಊರಿನಲ್ಲಿದ್ದ ಸೋದರಳಿಯನಿಗೆ ಕಳುಹಿದೆ. ಅರ್ಧ ಗಂಟೆಯೊಳಗೆ ಫೋನು ಬಂದಿತು. “ಮಾವ, ಇದರಲ್ಲಿ ಕನ್ನಡ ಎಲ್ಲಿದೆ? ಅಲ್ಲಲ್ಲಿ ಪೌಂಡಿನ ಗುರುತು ಕಾಣಿಸುತ್ತೆ, ಅಷ್ಟೇ. ಏನು, ಲೆಕ್ಕದ ಪತ್ರ ಕಳಿಸಿದ್ರಾ?” ಎಂದನು. ಕನ್ನಡಿಗನು ಕನ್ನಡಿಗನಿಗೆ ಕಳುಹಿದ ಕನ್ನಡವು ದಾರಿಯಲ್ಲಿ ಇಂಗ್ಲೆಂಡಿನ ನಾಣ್ಯವಾದುದು ಹೇಗೆಂಬುದನ್ನು ತಿಳಿಯಬೇಕಾದರೆ ಅಂಟಿಸುವ ವಿದ್ಯೆಯ ಮೂಲವನ್ನೇ ತುಸು ಶೋಧಿಸಬೇಕಾಗುತ್ತದೆ.

ಪತ್ರಿಕಾಲಯಗಳಲ್ಲಿ ಕತ್ತರಿಯೂ ಗೋಂದೂ ಸಂಪಾದಕನ ಎಡಬಲದ ಕೈಗಳಾಗಿದ್ದ ಕಾಲವೊಂದಿತ್ತು. ಕೆಳಗಿನ ಪರಿಚ್ಛೇದ ಮೇಲಕ್ಕೆ ಹೋಗಬೇಕಾದರೆ ಕಾಗದವನ್ನೇ ಕತ್ತರಿಸಿ ಮೆತ್ತಬೇಕಾಗಿತ್ತು. ಈ ಕಾಯಕವನ್ನು 1970ರ ದಶಕದ ನಡುವಿನ ವರ್ಷಗಳಲ್ಲಿ ಯಂತ್ರಕ್ಕೆ ಕಲಿಸಿದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. ಅವರು ಕೆಲಸ ಮಾಡುತ್ತಿದ್ದುದು ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ. ಯಾವ ಸಂಸ್ಥೆಯ ಹೆಸರು ನಮ್ಮ ಬೀದಿ ಬೀದಿಗಳಲ್ಲಿ ನಕಲಿಗೇ ಪರ್ಯಾಯಪದವಾಯಿತೋ ಅಲ್ಲಿಯೇ ಈ ನಕಲೂ ಹುಟ್ಟಿತು. ಪಠ್ಯಪುಸ್ತಕ ಪ್ರಕಾಶಕರಿಗಾಗಿ ಅವರು ರಚಿಸಿದ ‘ಜಿಪ್ಸಿ’ ಎಂಬ ತಂತ್ರಾಂಶದಲ್ಲಿ, ಒಂದು ಗಳಿಗೆ ಅಕ್ಷರವಾಗಿಯೂ ಮರುಗಳಿಗೆ ಆಜ್ಞೆಯಾಗಿಯೂ ವರ್ತಿಸಿ ಬರಹಗಾರನನ್ನು ತಬ್ಬಿಬ್ಬುಗೊಳಿಸುತ್ತಿದ್ದ ಕೀಲಿಗಳ ಕಾಟ ತಪ್ಪಿತು. ಬೇಕಾದ ಮಾತನ್ನು ಗುರುತಿಸು, ಎತ್ತು, ಬೇಕಾದಲ್ಲಿ ಅಂಟಿಸು, ಇಷ್ಟೇ ಕ್ರಮ. ಟೆಸ್ಲರ್ 1980ರಲ್ಲಿ ಆಪಲ್ ಸಂಸ್ಥೆಗೆ ಹೋದ ಮೇಲೆ, 1983ರ ‘ಲಿಸಾ’ ಯಂತ್ರದಲ್ಲಿಯೂ 1984ರ ‘ಮೆಕಿಂತೋಷ್’ನಲ್ಲಿಯೂ ಎಕ್ಸ್, ಸಿ, ವಿ ಎಂಬ ನೆರೆಹೊರೆಯ ಮೂರು ಕೀಲಿಗಳು ಈ ಕೆಲಸಕ್ಕೆ ನಿಂತವು. ಅವರು 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ಕತ್ತರಿ ಗೋಂದಿಗೂ ಈ ಹೊಸ ವಿದ್ಯೆಗೂ ಒಂದು ಭೇದವುಂಟು. ಕಾಗದದ ತುಂಡು ತನ್ನ ಮಸಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಕಂಪ್ಯೂಟರಿನ ಸ್ಮೃತಿಯಲ್ಲಿರುವ ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಉಗ್ರಾಣಕ್ಕೆ ಹೋಗುವುದು ಅಕ್ಷರಗಳನ್ನು ಗುರುತಿಸುವ ಸಂಖ್ಯೆಗಳು, ಅವುಗಳ ಜೊತೆಗೆ, ದಪ್ಪ ಬಣ್ಣ ಅಚ್ಚು (ಫಾಂಟ್) ಮುಂತಾದ ವೇಷಭೂಷಣಗಳ ವಿವರವುಳ್ಳ ಮತ್ತೊಂದು ಪ್ರತಿ. ಅಂಟಿಸಿಕೊಳ್ಳುವ ತಂತ್ರಾಂಶವು ತನಗೆ ತಿಳಿಯುವ ಪ್ರತಿಯನ್ನು ಆರಿಸಿಕೊಳ್ಳುತ್ತದೆ. ವೇಷವನ್ನು ಹೊರಗೇ ಕಳಚಿಟ್ಟು ಸಂಖ್ಯೆಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದೂ ಉಂಟು. ನನ್ನ ಲೇಖನಕ್ಕೆ ಆದುದು ಅದೇ.

ಏಕೆಂದರೆ 1990ರ ದಶಕದ ನಮ್ಮ ಕನ್ನಡಕ್ಕೆ ವೇಷವೇ ಪ್ರಾಣವಾಗಿತ್ತು. ಅಚ್ಚುಕೂಟಗಳಲ್ಲಿ ಪುಟ ಕಟ್ಟುತ್ತಿದ್ದ ತಂತ್ರಾಂಶಗಳು ಭಾರತೀಯ ಲಿಪಿಗಳನ್ನು ಅರಿಯದಿದ್ದುದರಿಂದ, ನಮ್ಮವರು ಜಾಣತನದ ಉಪಾಯವೊಂದನ್ನು ಮಾಡಿದರು: ರೋಮನ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ಆಕೃತಿಗಳನ್ನು ತಂದು ಕೂರಿಸಿದರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವುಗಳ ಹಳೆಯ ಆವೃತ್ತಿಗಳು ಈ ಮಾರ್ಗದವು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಧೈರ್ಯವನ್ನು ನಾಡಿಗೆ ಕೊಟ್ಟ ಉಪಕಾರ ಅವುಗಳದು. ಆದರೆ ‘ನುಡಿ’ಯ ಆ ಅಚ್ಚಿನಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ, ಎರಡು ತುಂಡು: ತಲೆಕಟ್ಟಿಲ್ಲದ ಕಕಾರ ರೋಮನ್ನಿನ ‘ಪಿ’ಯ ಮನೆಯಲ್ಲಿ, ತಲೆಕಟ್ಟು ನೆತ್ತಿಯ ಮೇಲೆ ಓರೆಗೀಟುಳ್ಳ ‘ಎ’ಯ ಮನೆಯಲ್ಲಿ. ನಕಾರಕ್ಕೆ ದೊರೆತುದು ಪೌಂಡಿನ ಮನೆ. ಅಚ್ಚಿನ ವೇಷ ಕಳಚಿತೋ, ‘ಕನ್ನಡ’ ಎಂಬ ಪದದ ನಡುಮಧ್ಯದಲ್ಲಿ ಪೌಂಡು ಎದ್ದು ಕೂರುತ್ತದೆ.

ಇದಕ್ಕೆ ಪರಿಹಾರದ ಬೀಜವು ಜೇಜುರಿಯ ಸಮೀಪದಲ್ಲಿಯೇ ಮೊಳೆತಿತ್ತೆಂಬುದು ವಿಧಿಯ ವಿನೋದ. ಪುಣೆಯಲ್ಲಿ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆ ಪೋಷಿಸಿದ ‘ಜಿಸ್ಟ್’ ಎಂಬ ಭಾರತೀಯ ಲಿಪಿತಂತ್ರಕ್ಕೂ, 1991ರಲ್ಲಿ ರಾಷ್ಟ್ರೀಯ ಮಾನಕವಾದ ‘ಇಸ್ಕಿ’ ಸಂಕೇತಕ್ಕೂ ಆಧಾರವಾದ ತತ್ತ್ವ ಒಂದೇ: ಸಂಖ್ಯೆಯನ್ನು ಕೊಡಬೇಕಾದುದು ಆಕೃತಿಗಲ್ಲ, ವರ್ಣಕ್ಕೆ. ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಅಲ್ಲಿ ಒಂದೇ ಸಂಖ್ಯೆ, ಮೈಲಾರನೂ ಖಂಡೋಬನೂ ಒಂದೇ ದೈವವೆಂದಂತೆ. ಅದೇ 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಸಂಕೇತವು ಲಿಪಿಗಳಿಗೆ ಬೇರೆ ಬೇರೆ ಕೇರಿಗಳನ್ನು ಕೊಟ್ಟಿತಾದರೂ ಇಸ್ಕಿಯ ಸಾಲನ್ನು ಕೆಡಿಸಲಿಲ್ಲ: ದೇವನಾಗರಿಯ ‘ಕ’ 2325ನೆಯದು, ಕನ್ನಡದ ‘ಕ’ 3221ನೆಯದು, ‘ಳ’ಕಾರಗಳ ನಡುವೆಯೂ ಇರುವ ಅಂತರ ಅದೇ 896. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಚ್ಚಿನೊಡನೆ ಬಂದ ಮೇಲೆ ಈ ಮಾರ್ಗ ನಮ್ಮ ಮನೆಗಳಿಗೂ ತೆರೆಯಿತು. ಹಳೆಯ ಕಡತಗಳು ಮಾತ್ರ ಹಳೆಯ ಮನೆಗಳಲ್ಲಿಯೇ ಉಳಿದವು.

ಆದುದರಿಂದ ಅಂಟಿಸಿದ ಬರಹ ಕೆಟ್ಟಾಗ ವೈದ್ಯನಂತೆ ಮೊದಲು ಲಕ್ಷಣವನ್ನು ನೋಡತಕ್ಕದ್ದು. ಬರೀ ಚೌಕಗಳು ಕಂಡರೆ ಬರಹಕ್ಕೆ ಬಹುಮಟ್ಟಿಗೆ ಅಪಾಯವಾಗಿಲ್ಲ; ನೋಡುವ ಯಂತ್ರದಲ್ಲಿ ಕನ್ನಡದ ಅಚ್ಚಿಲ್ಲ, ಅಷ್ಟೆ. ಗೀಟು ಟೋಪಿಗಳುಳ್ಳ ರೋಮನ್ ಅಕ್ಷರಗಳು ಕಂಡರೆ, ಆ ಭಾಗಕ್ಕೆ ಹಳೆಯ ಅಚ್ಚನ್ನೇ ತೊಡಿಸಿ ನೋಡಬೇಕು. ಕನ್ನಡ ಮರಳಿದರೆ ಅದು ಹಳೆಯ ಸಂಕೇತದ ಬರಹ, ಕಳುಹುವ ಮೊದಲೇ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸತಕ್ಕದ್ದು. ಪರಿವರ್ತಕದ ಕೆಲಸ ಬರಿಯ ಅದಲುಬದಲಲ್ಲ: ‘ಅರ್ಕ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಹಳೆಯ ಸಂಕೇತದಲ್ಲಿ ಕಕಾರದ ಅನಂತರ, ನಾಲಗೆ ನುಡಿಯುವಂತೆ ಯೂನಿಕೋಡಿನಲ್ಲಿ ಅದಕ್ಕೂ ಮೊದಲು. ಗುಣಿತಚಿಹ್ನೆಗಳು ಚುಕ್ಕಿಯ ವೃತ್ತಗಳಿಗೆ ಜೋತುಬಿದ್ದಿದ್ದರೆ ಆ ಕ್ರಮ ಕೆಟ್ಟಿತೆಂದು ತಿಳಿಯಬೇಕು. ಪಿಡಿಎಫ್ ಕಡತಗಳಿಂದ ಎತ್ತಿದಾಗ ಒತ್ತಕ್ಷರಗಳು ಚೆದುರುವುದು ಸಾಮಾನ್ಯವಾದುದರಿಂದ, ಮೂಲ ಕಡತವನ್ನೇ ಬೇಡಿ ಪಡೆಯುವುದು ಲೇಸು. ಏನೂ ಅಂಟದಿದ್ದರೆ, ಎತ್ತಿದುದು ನಿಜವೋ ಎಂದು ನೋಟ್‌ಪ್ಯಾಡಿನಂಥ ಸರಳ ಪುಟದಲ್ಲಿ ಮೊದಲು ಪರೀಕ್ಷಿಸುವುದು. ಎರಡನೆಯದನ್ನು ಎತ್ತಿದೊಡನೆ ಮೊದಲನೆಯದು ಅಳಿದುಹೋಗುವುದು ಕ್ಲಿಪ್‌ಬೋರ್ಡಿನ ಉಗ್ರಾಣದ ಸ್ವಭಾವ. ಹಿಂದಿನವುಗಳನ್ನೂ ಕೂಡಿಡುವ ಅನುಕೂಲ ವಿಂಡೋಸಿಗೆ ಬಂದುದು 2018ರಲ್ಲಿ, ಅದೂ ನಾವಾಗಿ ತೆರೆದುಕೊಂಡರೆ.

ನಾನು ಲೇಖನವನ್ನು ಪರಿವರ್ತಿಸಿ ಮತ್ತೆ ಕಳುಹಿದೆ. ಈ ಬಾರಿ ಅಳಿಯನು ಫೋನಿನಲ್ಲಿ ಗಟ್ಟಿಯಾಗಿಯೇ ಓದತೊಡಗಿದನು. ‘ಏಳುಕೋಟಿ’ ಬಂದಾಗ ಅವನ ಬಾಯಿಯೂ ‘ಯೇಳು’ ಎಂದೇ ನುಡಿಯಿತು. ಎರಡನೆಯ ಪುಟದಲ್ಲಿ ಮಾತ್ರ ತಡವರಿಸಿ ನಿಂತನು. ಖಂಡೋಬಾನ ಆರಾಧನೆಯನ್ನು ದೀರ್ಘಕಾಲ ಅಭ್ಯಸಿಸಿದ ಜರ್ಮನ್ ವಿದ್ವಾಂಸ ಸೊಂಥೈಮರ್ ಅವರ ಹೆಸರನ್ನು ನಾನು ಅಲ್ಲಿ ರೋಮನ್ ಲಿಪಿಯಲ್ಲಿ ಬರೆದಿದ್ದೆನು. ಪರಿವರ್ತಕವು ಅದನ್ನೂ ಕನ್ನಡದ ತುಂಡುಗಳೆಂದೇ ಬಗೆದು, ಯಾವ ಕನ್ನಡಿಗನೂ ಉಚ್ಚರಿಸಲಾರದ ಕನ್ನಡವಾಗಿ ಮಾಡಿಬಿಟ್ಟಿತ್ತು. ಆ ಒಂದು ಹೆಸರನ್ನು ಬಾಯಿಂದಲೇ ಹೇಳಿ ಬರೆಯಿಸಿದೆನು. ಕಿಟಕಿಯಾಚೆ ಬೆಟ್ಟದ ಮೇಲಿನಿಂದ ಯೇಳಕೋಟದ ಘೋಷ ಇಳಿದು ಬರುತ್ತಿತ್ತು.