ಹೈಲೆಂಡ್ ಪಾರ್ಕ್: ಊರೊಳಗಿನ ಊರು

ಮಹಾನಗರಗಳ ಮಗ್ಗುಲಲ್ಲಿ ಉಪನಗರಗಳು ಹುಟ್ಟುವುದು ಲೋಕಸಹಜ. ಆದರೆ ಮಹಾನಗರದ ಹೊಟ್ಟೆಯೊಳಗೇ ಕುಳಿತು, ಅದರೊಡನೆ ಬೆರೆಯಲಾರೆನೆಂದು ಹಟ ಹಿಡಿದ ಪುಟ್ಟ ನಗರಗಳು ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದ ಮಿಚಿಗನ್ ರಾಜ್ಯದಲ್ಲಿರುವ ಹೈಲೆಂಡ್ ಪಾರ್ಕ್ ಅಂಥದೊಂದು. ವಿಸ್ತೀರ್ಣ ಮೂರು ಚದರ ಮೈಲಿಯನ್ನೂ ಮುಟ್ಟದು. ಹ್ಯಾಮ್‌ಟ್ರಾಮಿಕ್ ಎಂಬ ಇನ್ನೊಂದು ಚಿಕ್ಕ ನಗರ ಒಂದೆಡೆ ತಾಗುವುದನ್ನು ಬಿಟ್ಟರೆ ಸುತ್ತಲೂ ಡೆಟ್ರಾಯಿಟ್ ನಗರವೇ. ಈ ಊರಿನ ಖಾನೇಷುಮಾರಿಯ ಅಂಕಿಗಳನ್ನು ಓದಿದವರು ಅಚ್ಚಿನ ತಪ್ಪಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. 1900ರಲ್ಲಿ 427 ಜನ, 1910ರಲ್ಲಿ 4,120, 1920ರಲ್ಲಿ 46,499!

ಇಲ್ಲಿ ಊರು ಕಟ್ಟುವ ಆಸೆ ಹಳೆಯದು. ಅಗಸ್ಟಸ್ ವುಡ್‌ವರ್ಡ್ ಎಂಬ ನ್ಯಾಯಾಧೀಶ 1818ರಲ್ಲಿ ಈ ದಿಣ್ಣೆಯ ಭೂಮಿಯನ್ನು ಕೊಂಡು, ತನ್ನ ಹೆಸರಿನಲ್ಲೇ ಒಂದು ಗ್ರಾಮವನ್ನು ಸ್ಥಾಪಿಸಲು ಯತ್ನಿಸಿದನು. ಅದು ಕೈಗೂಡಲಿಲ್ಲ. ಹೈಲೆಂಡ್ ಪಾರ್ಕ್ ವಿಧಿವತ್ತಾಗಿ ಗ್ರಾಮವೆನಿಸಿಕೊಂಡುದು 1889ರಲ್ಲಿ.

ಅದರ ಹಣೆಬರಹವನ್ನು ತಿದ್ದಿದವನು ಹೆನ್ರಿ ಫೋರ್ಡ್. 1910ರ ಆರಂಭದಲ್ಲಿ ಆತನ ಹೊಸ ಕಾರ್ಖಾನೆ ಇಲ್ಲಿ ಬಾಗಿಲು ತೆರೆಯಿತು. ಆಲ್ಬರ್ಟ್ ಕಾನ್ ಎಂಬ ಶಿಲ್ಪಿ ರೂಪಿಸಿದ ಆ ಕಟ್ಟಡಗಳಿಗೆ ಗೋಡೆಗಿಂತ ಗಾಜೇ ಹೆಚ್ಚೆಂದು, ಜನ ಅದನ್ನು ಸ್ಫಟಿಕದರಮನೆ ಎಂದು ಕರೆದರು. 1913ರಲ್ಲಿ ಅಲ್ಲಿ ಚಲಿಸುವ ಜೋಡಣೆಯ ಸಾಲು ಪ್ರಾರಂಭವಾಯಿತು. ರಥಬೀದಿಯಲ್ಲಿ ತೇರು ಮನೆಮನೆಯ ಬಾಗಿಲಿಗೆ ಬರುವಂತೆ, ಇಲ್ಲಿ ಮೋಟಾರೇ ಕೆಲಸಗಾರನ ಬಳಿಗೆ ಸಾಗಿ ಬರುತ್ತಿದ್ದಿತು. ಆತ ನಿಂತಲ್ಲೇ ತನ್ನ ಪಾಲಿನ ಒಂದು ತಿರುಪನ್ನು ಬಿಗಿದರಾಯಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ 93 ನಿಮಿಷಗಳಿಗೆ ಇಳಿಯಿತು. 1908ರಲ್ಲಿ 850 ಡಾಲರಿದ್ದ ಮಾಡೆಲ್ ಟಿ ಬಂಡಿಯ ಬೆಲೆ, 1920ರ ದಶಕದ ನಡುವೆ 300 ಡಾಲರಿಗೂ ಕೆಳಗಿಳಿದಿತ್ತು.

ಬಂಡಿ ಅಗ್ಗವಾಯಿತು, ನಿಜ. ದಿನವಿಡೀ ಒಂದೇ ತಿರುಪನ್ನು ಬಿಗಿಯುವ ಮನುಷ್ಯನ ಪಾಡೇನು? ಜನ ಬೇಸತ್ತು ಓಡಿಹೋಗುತ್ತಿದ್ದರು. 1913ರಲ್ಲಿ ಸುಮಾರು 14,000 ಕೆಲಸಗಳನ್ನು ತುಂಬಿಡಲು 50,000ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಬೇಕಾಯಿತು. ಆಗಲೇ, 1914ರ ಜನವರಿ 5ರಂದು, ಎಂಟು ಗಂಟೆಯ ದುಡಿಮೆಗೆ ದಿನಕ್ಕೆ ಐದು ಡಾಲರೆಂಬ ಆ ಪ್ರಸಿದ್ಧ ಘೋಷಣೆ ಹೊರಟಿತು. ಇದನ್ನು ಔದಾರ್ಯವೆಂದು ಹೊಗಳಿದವರುಂಟು. ಲೆಕ್ಕಾಚಾರವೆನ್ನುವುದು ಹೆಚ್ಚು ಸರಿ. ಕೊರೆವ ಚಳಿಯಲ್ಲಿ ಸಾವಿರಾರು ನಿರುದ್ಯೋಗಿಗಳು ಕಾರ್ಖಾನೆಯ ಬಾಗಿಲಿಗೆ ಮುತ್ತಿದರು. ಅವರನ್ನು ಚದುರಿಸಲು ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹಾಯಿಸಲಾಯಿತು!

ಕೆಲಸ ಸಿಕ್ಕವರಲ್ಲಿ ಬಹುಮಂದಿ ಪರದೇಶಿಗಳು: ಪೋಲೆಂಡಿನವರು, ಇಟಲಿಯವರು, ಸಿರಿಯದವರು. ಕಂಪೆನಿಯೇ ಅವರಿಗೆ ಇಂಗ್ಲಿಷ್ ಪಾಠಶಾಲೆಯನ್ನು ನಡೆಸಿತು. ಅದರ ಪದವಿದಾನ ಸಮಾರಂಭ ವಿಚಿತ್ರವಾದುದು. ತಮ್ಮ ತಮ್ಮ ದೇಶದ ಉಡುಪು ತೊಟ್ಟ ಕೆಲಸಗಾರರು ರಂಗದ ಮೇಲಿನ ಬೃಹತ್ ಕಡಾಯಿಯೊಳಕ್ಕೆ ಇಳಿಯುವರು. ಅಮೆರಿಕದ ಪೋಷಾಕಿನಲ್ಲಿ, ಕೈಯಲ್ಲಿ ಪುಟ್ಟ ಧ್ವಜ ಹಿಡಿದು, ಹೊರಬರುವರು. ಆದರೂ ಎಲ್ಲವೂ ಕಡಾಯಿಯಲ್ಲಿ ಕರಗಲಿಲ್ಲ. 1921ರಲ್ಲಿ ಇದೇ ಊರಿನಲ್ಲಿ ಮುಸಲ್ಮಾನ ವಲಸೆಗಾರರು ಒಂದು ಮಸೀದಿಯನ್ನು ಕಟ್ಟಿಸಿದರು. ಮಸೀದಿಗೆಂದೇ ಕಟ್ಟಿದ ಕಟ್ಟಡಗಳಲ್ಲಿ ಅದು ಅಮೆರಿಕದ ಮೊದಮೊದಲಿನದು.

ಸುತ್ತ ಬೆಳೆಯುತ್ತಿದ್ದ ಡೆಟ್ರಾಯಿಟ್ ಈ ಸಂಪನ್ನ ಗ್ರಾಮವನ್ನು ನುಂಗದೆ ಬಿಟ್ಟೀತೆ? ಕಾರ್ಖಾನೆಯ ತೆರಿಗೆ ಕೈಬಿಟ್ಟು ಹೋಗದಿರಲೆಂದು, 1918ರಲ್ಲಿ ಹೈಲೆಂಡ್ ಪಾರ್ಕ್ ತನ್ನನ್ನು ಸ್ವತಂತ್ರ ನಗರವಾಗಿ ಮಾಡಿಕೊಂಡಿತು. ಅಂದಿನ ಮಟ್ಟಿಗೆ ಅದು ಜಾಣತನ. ತೆರಿಗೆ ಪೂರ್ತಿ ನಮ್ಮದೇ ಎಂದ ಮೇಲೆ, ಸಾಲವೂ ಪೂರ್ತಿ ನಮ್ಮದೇ ಆಗುವ ದಿನವೊಂದು ಬರಬಹುದೆಂದು ಆಗ ಯಾರು ಎಣಿಸಿದ್ದರು?

1927ರ ಮೇ 26ರಂದು ಒಂದೂವರೆ ಕೋಟಿಯನೆಯ ಮಾಡೆಲ್ ಟಿ ಇಲ್ಲಿಂದ ಹೊರಬಿದ್ದಿತು. ಅದೇ ವರ್ಷ ಆ ಮಾದರಿಯೂ ನಿಂತಿತು. ಬಂಡಿಗಳ ಜೋಡಣೆ ಡಿಯರ್‌ಬಾರ್ನ್‌ನ ರೂಜ್ ಕಾರ್ಖಾನೆಗೆ ಹೊರಟುಹೋಯಿತು. 1925ರಲ್ಲಿ ಇಲ್ಲಿಯೇ ತಲೆಯೆತ್ತಿದ ಕ್ರೈಸ್ಲರ್ ಕಂಪೆನಿಯ ಮುಖ್ಯ ಕಚೇರಿ ಊರನ್ನು ಹಿಡಿದು ನಿಲ್ಲಿಸಿತು. 1930ರಲ್ಲಿ ಜನಸಂಖ್ಯೆ 52,959. ಅದೇ ಶಿಖರ. ಯುದ್ಧಾನಂತರ ಬಿಳಿಯರು ದೂರದ ಹೊಸ ಬಡಾವಣೆಗಳಿಗೆ ಸರಿದರು. ಕರಿಯ ಜನರ ಕುಟುಂಬಗಳು ಮನೆ ಕೊಂಡು ನೆಲೆನಿಂತ ಹೊತ್ತಿಗೆ ಕೆಲಸಗಳು ಕರಗತೊಡಗಿದ್ದವು. 1960ರಲ್ಲಿ 38,063; 1980ರಲ್ಲಿ 27,909. 1990ರ ದಶಕದಲ್ಲಿ ಕ್ರೈಸ್ಲರ್ ಕಚೇರಿಯೂ ಆಬರ್ನ್ ಹಿಲ್ಸ್‌ಗೆ ಹೋಯಿತು. 2001ರಲ್ಲಿ ರಾಜ್ಯಸರ್ಕಾರ ನಗರದ ಹಣಕಾಸಿಗೆ ತನ್ನದೇ ಅಧಿಕಾರಿಯನ್ನು ನೇಮಿಸಿತು.

ಐವತ್ತು ಸಾವಿರ ಮಂದಿಗೆಂದು ಹಾಕಿದ ಬೀದಿಗಳು, ಕೊಳವೆಗಳು, ದೀಪಗಳು ಜನ ಹೋದರೆಂದು ತಾವೂ ಕುಗ್ಗುವುದಿಲ್ಲವಷ್ಟೆ. ಬೀದಿದೀಪಗಳ ಬಾಕಿ ಸುಮಾರು 40 ಲಕ್ಷ ಡಾಲರಿಗೆ ಏರಿತು. 2011ರಲ್ಲಿ ಬಾಕಿಯನ್ನು ಮನ್ನಾ ಮಾಡುವ ಒಪ್ಪಂದದಂತೆ ವಿದ್ಯುತ್ ಕಂಪೆನಿಯವರು ಬಂದು, ದೀಪಗಳನ್ನು ಆರಿಸಿದ್ದಷ್ಟೇ ಅಲ್ಲ, ಸಾವಿರಕ್ಕೂ ಹೆಚ್ಚು ಕಂಬಗಳನ್ನೇ ಕಿತ್ತು ಸಾಗಿಸಿದರು. ಉಳಿದ ಬೆಳಕು ಮುಖ್ಯ ರಸ್ತೆಗಳಿಗೆ. ಒಳಬೀದಿಗಳ ಜನ ತಮ್ಮ ಜಗಲಿಯ ದೀಪಗಳನ್ನು ಹಚ್ಚಿಟ್ಟರು.

1978ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಫೋರ್ಡ್ ಕಾರ್ಖಾನೆಯ ಕೆಲವು ಕಟ್ಟಡಗಳು ಇಂದಿಗೂ ವುಡ್‌ವರ್ಡ್ ರಸ್ತೆಯ ಬದಿಯಲ್ಲಿ ನಿಂತಿವೆ. ಪಕ್ಕದ ಅಂಗಡಿಸಾಲಿನ ಹೆಸರು ಮಾಡೆಲ್ ಟಿ ಪ್ಲಾಜಾ. 2020ರ ಖಾನೇಷುಮಾರಿಯಲ್ಲಿ ಲೆಕ್ಕಕ್ಕೆ ಸಿಕ್ಕವರು 8,977 ಮಂದಿ. ಇವರಲ್ಲಿ ಕೆಲವರು ಸಂಘ ಕಟ್ಟಿ, ಚಂದಾ ಎತ್ತಿ, 2012ರಿಂದೀಚೆಗೆ ಒಂದೊಂದಾಗಿ ಸೂರ್ಯಶಕ್ತಿಯ ದೀಪಗಳನ್ನು ಬೀದಿಯಲ್ಲಿ ನೆಡುತ್ತ ಬಂದಿದ್ದಾರೆ. ಆ ದೀಪಗಳಿಗೆ ತಿಂಗಳ ಬಿಲ್ಲು ಬರುವುದಿಲ್ಲ.