ನಿಮಗಿದು ಗೊತ್ತೇ? ಪೇಪರ್ ಸುತ್ತಿ ಕೊಡುವ ಪೊಟ್ಟಣದ ಸುತ್ತ

ಗರ್ಭನಿರೋಧಕದ ಒಂದು ವಿಧಾನವನ್ನೂ ಕೇಳಿರದವರು ನಮ್ಮ ದೇಶದಲ್ಲಿ ಸಿಗುವುದೇ ಕಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 99 ಮಂದಿಗೆ ಗೊತ್ತು. ಆದರೆ 15ರಿಂದ 19ರ ವಯಸ್ಸಿನ ವಿವಾಹಿತೆಯರಲ್ಲಿ ಬಳಸುವವರು ಸುಮಾರು ಶೇ 28 ಮಾತ್ರ. ‘ಅದೆಲ್ಲ ಹೆಂಗಸರ ಕೆಲಸ, ಗಂಡಸಿಗೇಕೆ ತಲೆಬಿಸಿ’ ಎಂಬ ಮಾತನ್ನು ಮೂವರು ಗಂಡಸರಲ್ಲಿ ಒಬ್ಬ ಒಪ್ಪಿದ್ದಾನೆ.

ಒಪ್ಪಿದ್ದಷ್ಟೇ ಅಲ್ಲ, ನಡೆಸಿಯೂ ಇದ್ದಾರೆ. ಕರ್ನಾಟಕದ ವಿವಾಹಿತೆಯರಲ್ಲಿ ಶೇ 57 ಮಂದಿ ಸಂತಾನ ನಿರೋಧಕ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ದೇಶದಲ್ಲಿ ಈ ಆಪರೇಷನ್ ಆಗುವ ಹೆಣ್ಣುಮಕ್ಕಳ ಸರಾಸರಿ ಪ್ರಾಯ 25ರ ಆಸುಪಾಸು. ಬೆಂಗಳೂರಿನ ಎಷ್ಟೋ ಹುಡುಗಿಯರು ಮದುವೆ ಮಾತೆತ್ತಿದರೆ ‘ಇನ್ನೂ ಟೈಮಿದೆ ಬಿಡಮ್ಮ’ ಎನ್ನುವ ಪ್ರಾಯ!

ಗಂಡಸರ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಅಂದೇ ಮನೆಗೆ ಹೋಗಬಹುದು. ‘ಶಕ್ತಿ ಹೋಗುತ್ತೆ’ ಎನ್ನುವುದು ಬರೀ ಭಯ. ಪುರುಷ ಹಾರ್ಮೋನು ಮೊದಲಿನಂತೆಯೇ ರಕ್ತಕ್ಕೆ ಸೇರುತ್ತಿರುತ್ತದೆ. ಭಯಕ್ಕೊಂದು ಚರಿತ್ರೆಯೂ ಇದೆ: ತುರ್ತು ಪರಿಸ್ಥಿತಿಯ 1976–77ರಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ನಡೆದವು, ಮುಕ್ಕಾಲು ಪಾಲು ಗಂಡಸರಿಗೆ, ಹಲವೆಡೆ ಬಲವಂತವಾಗಿ.

ಕಾಲೇಜು ಹುಡುಗ ಹುಡುಗಿಯರಲ್ಲಿ ಅತಿ ಹೆಚ್ಚು ಗೊಂದಲ ಇರುವುದು ತುರ್ತು ಮಾತ್ರೆಯ ಬಗ್ಗೆ. ಅದು ಗರ್ಭಪಾತದ ಮಾತ್ರೆಯಲ್ಲ. ಅಂಡ ಬಿಡುಗಡೆಯಾಗುವುದನ್ನು ಮುಂದೂಡುವುದೇ ಅದರ ಕೆಲಸ. ಗರ್ಭ ನಿಂತ ಮೇಲೆ ನುಂಗಿದರೆ ಪ್ರಯೋಜನವಿಲ್ಲ. 72 ಗಂಟೆಯೊಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕು. ಮುಂದಿನ ಸಲಕ್ಕೆ ಅದರ ರಕ್ಷಣೆ ಇಲ್ಲ, ಲೈಂಗಿಕ ರೋಗಗಳಿಂದಂತೂ ಇಲ್ಲವೇ ಇಲ್ಲ. ಆ ಕೆಲಸ ಕಾಂಡೋಮಿನದು. ಅದನ್ನು ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ: ಶಾಖಕ್ಕೆ, ಉಜ್ಜಾಟಕ್ಕೆ ಹಾಳಾಗುತ್ತದೆ. ಒಂದರ ಮೇಲೊಂದು ಎರಡು ಹಾಕಿಕೊಳ್ಳುವ ಜಾಣರೂ ಇದ್ದಾರೆ. ಒಂದಕ್ಕೊಂದು ತಿಕ್ಕಿ ಹರಿಯುವ ಸಂಭವವೇ ಹೆಚ್ಚು.

ಹಾರ್ಮೋನ್ ಇಲ್ಲದ ಗರ್ಭನಿರೋಧಕ ಮಾತ್ರೆಯೂ ಉಂಟು, ನಮ್ಮದೇ ಸಂಶೋಧನೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಹೆಸರಿನಲ್ಲಿ ಉಚಿತ.

ನಾಚಿಕೆ ಹಳೆಯದು ಅಂದುಕೊಂಡಿರಾ? ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆದಿತ್ತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿನಲ್ಲೇ ಮೊದಲಿನವೆಂದು ಅವುಗಳಿಗೆ ಹೆಸರು. ಆದರೆ 2017ರಲ್ಲಿ ಕೇಂದ್ರ ಸರ್ಕಾರ ಟಿವಿ ವಾಹಿನಿಗಳಿಗೆ ಹೇಳಿದ್ದು: ಕಾಂಡೋಮ್ ಜಾಹೀರಾತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ.

ಇನ್ನೊಂದು. ಗರ್ಭನಿರೋಧಕ ಕೈಕೊಟ್ಟರೆ ಕಾನೂನುಬದ್ಧ ಗರ್ಭಪಾತಕ್ಕೆ ಹಿಂದೆ ‘ವಿವಾಹಿತೆ’ ಎಂಬ ಷರತ್ತಿತ್ತು. 2021ರ ತಿದ್ದುಪಡಿ ‘ಗಂಡ’ ಎಂಬಲ್ಲಿ ‘ಸಂಗಾತಿ’ ಎಂದಿತು. 2022ರಲ್ಲಿ ಸುಪ್ರೀಂ ಕೋರ್ಟು 24 ವಾರದವರೆಗಿನ ಅವಕಾಶವೂ ಅವಿವಾಹಿತೆಯರಿಗೆ ಸಲ್ಲುತ್ತದೆಂದು ಹೇಳಿತು.